ಪ್ರಿಂಟರ್ ಕಣ್ಣೆದುರೇ ಇದೆ, ಕಂಪ್ಯೂಟರ್ ‘ಆಫ್‌ಲೈನ್’ ಅನ್ನುತ್ತಿದೆ: ಏನಾಗಿದೆ?

ಪ್ರಿಂಟರ್ ಮೇಜಿನ ಮೇಲೇ ಇದೆ. ದೀಪ ಉರಿಯುತ್ತಿದೆ. ಹಾಳೆ ಇದೆ, ಇಂಕ್ ಇದೆ. ಮೂರಡಿ ಆಚೆ ಇರುವ ಕಂಪ್ಯೂಟರ್ ಮಾತ್ರ ‘ಪ್ರಿಂಟರ್ ಆಫ್‌ಲೈನ್’ ಎಂದು ತೋರಿಸಿ ಕೈಕಟ್ಟಿ ಕೂತಿದೆ. ಬೆಳಗ್ಗೆ ಮಗಳಿಗೆ ಸಿಇಟಿ. ಪ್ರವೇಶ ಪತ್ರ ಇನ್ನೂ ಪರದೆಯ ಮೇಲೇ ಇದೆ. ರಾತ್ರಿ ಹತ್ತೂವರೆ. ಜೆರಾಕ್ಸ್ ಅಂಗಡಿಯವರು ಶಟರ್ ಎಳೆದು ಮನೆಗೆ ಹೋಗಿಯಾಗಿದೆ.

2020ರಲ್ಲಿ ಶಾಲೆ, ಆಫೀಸು ಎರಡೂ ಮನೆಯೊಳಕ್ಕೇ ಬಂದ ಮೇಲೆ ಪ್ರಿಂಟರ್ ಕೊಂಡವರು ಬಹಳ ಜನ. ‘ವೈರ್‌ಲೆಸ್ಸೇ ತಗೊಳ್ಳಿ, ಫೋನಿಂದಲೂ ಬರುತ್ತೆ’ ಅಂದರು ಅಂಗಡಿಯವರು. ತಗೊಂಡೆವು. ಮೊದಲ ದಿನ ಚೆನ್ನಾಗಿಯೇ ಬಂತು. ತೊಂದರೆ ಶುರುವಾಗುವುದು ಆಮೇಲೆ: ಕರೆಂಟ್ ಹೋಗಿ ಬಂದ ದಿನ, ರೂಟರ್ ಬದಲಿಸಿದ ದಿನ, ಹೊಸ ಲ್ಯಾಪ್‌ಟಾಪ್ ತಂದ ದಿನ. ಆಗ ಹೆಚ್ಚಿನವರು ಎಲ್ಲವನ್ನೂ ಅಳಿಸಿ ಮೊದಲಿಂದ ಇನ್‌ಸ್ಟಾಲ್ ಮಾಡುತ್ತಾರೆ. ಒಮ್ಮೊಮ್ಮೆ ಸರಿಹೋಗುತ್ತದೆ. ಯಾಕೆ ಸರಿಹೋಯಿತು ಎಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಗೋಳು.

ಒಳಗೆ ಏನು ನಡೆಯುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಈ ಹುಡುಕಾಟ ಎಷ್ಟೋ ಹಗುರ.

## ‘ಆಫ್‌ಲೈನ್’ ಅಂದವರು ಯಾರು?

ಈ ಮಾತು ಹೇಳುತ್ತಿರುವುದು ಕಂಪ್ಯೂಟರ್. ಪ್ರಿಂಟರ್ ತನ್ನ ಬಗ್ಗೆ ಏನನ್ನೂ ಹೇಳಿಲ್ಲ. ಫೋನಿನಲ್ಲಿ ‘ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂದು ಕೇಳಿದ್ದೀರಲ್ಲ? ಆ ಮನುಷ್ಯ ಪಕ್ಕದ ಕೋಣೆಯಲ್ಲೇ ಕಾಫಿ ಕುಡಿಯುತ್ತಾ ಇರಬಹುದು. ನಂಬರ್ ಬದಲಿಸಿರಬಹುದು. ‘ಆಫ್‌ಲೈನ್’ ಕೂಡ ಇಂಥದ್ದೇ ಮಾತು. ‘ನಾನು ಕರೆದೆ, ಉತ್ತರ ಬರಲಿಲ್ಲ’ ಎನ್ನುವುದಷ್ಟೇ ಅದರ ಅರ್ಥ.

ಕರೆ ಹೋಗುವ ದಾರಿಯಲ್ಲಿ ಮೂವರಿದ್ದಾರೆ. ಒಂದು ಕಡೆ ಕಂಪ್ಯೂಟರ್, ಇನ್ನೊಂದು ಕಡೆ ಪ್ರಿಂಟರ್. ನಡುವೆ ರೂಟರ್, ಅಂದರೆ ಗೋಡೆಯ ಮೇಲೆ ಮಿಣಮಿಣ ದೀಪ ಬಿಡುತ್ತಾ ಕೂತಿರುವ ವೈಫೈ ಡಬ್ಬಿ. ಮನೆಯ ವೈಫೈ ಮೂಲಕ ಪ್ರಿಂಟ್ ಕೊಟ್ಟಾಗ ಕಂಪ್ಯೂಟರ್ ಪ್ರಿಂಟರ್ ಜೊತೆ ನೇರವಾಗಿ ಮಾತಾಡುವುದಿಲ್ಲ. ಕಾಗದವನ್ನು ರೂಟರ್ ಕೈಗೆ ಕೊಡುತ್ತದೆ, ರೂಟರ್ ಅದನ್ನು ಪ್ರಿಂಟರಿಗೆ ತಲುಪಿಸುತ್ತದೆ. ಊರಿನ ಅಂಚೆಯಣ್ಣನ ಕೆಲಸ.

ಇಲ್ಲೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಈ ಅಂಚೆಗೆ ಇಂಟರ್‌ನೆಟ್ ಬೇಕಾಗಿಲ್ಲ. ಹೊರಗಿನ ಕೇಬಲ್ ತುಂಡಾಗಿ ಮೂರು ದಿನ ನೆಟ್ ಇಲ್ಲದಿದ್ದರೂ ರೂಟರ್ ಉರಿಯುತ್ತಿದ್ದರೆ ಸಾಕು, ಮನೆಯೊಳಗೆ ಪ್ರಿಂಟ್ ಬರುತ್ತದೆ. ಇಂಟರ್‌ನೆಟ್ ಇದ್ದರೆ ಮಾತ್ರ ಕೆಲಸ ಮಾಡುವ ಕೆಲವು ಮಾದರಿಗಳೂ ಇವೆ. ಅವುಗಳ ಡಬ್ಬಿಯ ಮೇಲೆ ಹಾಗೆಂದು ಬರೆದಿರುತ್ತದೆ.

## ಮೊದಲು ಎರಡು ಪರೀಕ್ಷೆ, ಎರಡೇ ನಿಮಿಷ

ಕಂಪ್ಯೂಟರನ್ನು ಮುಟ್ಟುವ ಮೊದಲು ಇವನ್ನು ಮಾಡಿ ನೋಡಿ.

ಪ್ರಿಂಟರಿನಲ್ಲಿ ಸ್ಕ್ಯಾನರ್ ಇದ್ದರೆ ಗಾಜಿನ ಮೇಲೆ ಯಾವುದಾದರೂ ಕಾಗದ ಇಟ್ಟು ಕಾಪಿ ಬಟನ್ ಒತ್ತಿ. ಜೆರಾಕ್ಸ್ ಪ್ರತಿ ಬಂದರೆ ಪ್ರಿಂಟರಿನ ದೇಹ ಗಟ್ಟಿಯಾಗಿದೆ. ಇಂಕು, ಹಾಳೆ, ರೋಲರ್ ಎಲ್ಲ ಸರಿ. ಬರದಿದ್ದರೆ ವೈಫೈ ವಿಚಾರ ಬಿಡಿ, ಒಳಗೆ ಹಾಳೆ ಸಿಕ್ಕಿಕೊಂಡಿದೆಯೇ ನೋಡಿ.

ಎರಡನೆಯದು ಫೋನಿನ ಪರೀಕ್ಷೆ. ಫೋನನ್ನು ಮನೆಯ ವೈಫೈಗೆ ಹಾಕಿ, ಮೊಬೈಲ್ ಡೇಟಾ ಆಫ್ ಮಾಡಿ, ಒಂದು ಫೋಟೊ ತೆರೆದು ಪ್ರಿಂಟ್ ಕೊಡಿ. ಪ್ರಿಂಟ್ ಬಂತೋ, ಪ್ರಿಂಟರ್ ಸರಿ, ರೂಟರ್ ಸರಿ, ತಪ್ಪು ಕಂಪ್ಯೂಟರಿನೊಳಗಿದೆ. ಫೋನಿಗೂ ಪ್ರಿಂಟರ್ ಕಾಣದಿದ್ದರೆ ತಪ್ಪು ಬಹುಮಟ್ಟಿಗೆ ಪ್ರಿಂಟರ್ ಮತ್ತು ರೂಟರ್ ನಡುವೆ ಇದೆ. ಅರ್ಧ ಹುಡುಕಾಟ ಇಲ್ಲಿಗೇ ಮುಗಿಯಿತು. ಡ್ರೈವರ್, ಅಂದರೆ ಪ್ರಿಂಟರ್ ಜೊತೆ ಮಾತಾಡಲು ಕಂಪ್ಯೂಟರಿಗೆ ಹಾಕಿರುವ ತಂತ್ರಾಂಶವನ್ನು ಅಳಿಸಿ ಹಾಕುತ್ತಾ ಕೂರುವ ಎಷ್ಟೋ ಮಂದಿ ಈ ಪರೀಕ್ಷೆಯನ್ನೇ ಮಾಡಿರುವುದಿಲ್ಲ. ನಾನೂ ಒಮ್ಮೆ ಆ ಗುಂಪಿನಲ್ಲಿದ್ದೆ, ಆ ಕಥೆ ಮುಂದೆ ಬರುತ್ತದೆ.

## ಪ್ರಿಂಟರ್ ಮತ್ತು ರೂಟರ್: ನೀಲಿ ದೀಪ ಹೇಳುವುದೇನು?

ಹೆಚ್ಚಿನ ಮನೆ ಪ್ರಿಂಟರ್‌ಗಳಲ್ಲಿ ವೈಫೈಗೆ ಒಂದು ಪುಟ್ಟ ದೀಪ ಇರುತ್ತದೆ. ಸಾಮಾನ್ಯವಾಗಿ ಅದು ಒಂದೇ ಸಮ ಉರಿದರೆ ರೂಟರ್ ಸಿಕ್ಕಿದೆ ಎಂದು ಅರ್ಥ. ಮಿಣುಕುತ್ತಿದ್ದರೆ ಇನ್ನೂ ಹುಡುಕುತ್ತಿದೆ, ಇಲ್ಲವೇ ಸಿಕ್ಕದೆ ಸೋತಿದೆ. ಬಣ್ಣ, ಮಿಣುಕುವ ಬಗೆ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಕೈಪಿಡಿಯ ಆ ಒಂದು ಪುಟವನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಒಳ್ಳೆಯದು.

ದೀಪಕ್ಕಿಂತ ಚೆನ್ನಾಗಿ ಹೇಳುವ ಸಾಕ್ಷಿ ಇನ್ನೊಂದಿದೆ. ಪ್ರಿಂಟರ್ ತನ್ನ ವೈಫೈ ಸ್ಥಿತಿಯನ್ನು ತಾನೇ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಕೊಡುತ್ತದೆ. ಕೆಲವದರಲ್ಲಿ ‘ಐ’ ಅಕ್ಷರದ ಮಾಹಿತಿ ಬಟನ್ ಒತ್ತಬೇಕು, ಕೆಲವದರಲ್ಲಿ ವೈಫೈ ಬಟನ್ ಒತ್ತಿ ಹಿಡಿಯಬೇಕು, ಪರದೆ ಇರುವ ಪ್ರಿಂಟರ್ ಆದರೆ ನೆಟ್‌ವರ್ಕ್ ಮೆನುವಿನಲ್ಲಿ ಸಿಗುತ್ತದೆ. ಆ ಹಾಳೆಯಲ್ಲಿ ಎರಡು ಸಾಲು ನೋಡಿ. ಒಂದು, ಪ್ರಿಂಟರ್ ಯಾವ ಹೆಸರಿನ ವೈಫೈಗೆ ಸೇರಿದೆ ಎಂಬುದು. ಇನ್ನೊಂದು, ಐಪಿ ಅಡ್ರೆಸ್ ಎಂಬ ನಾಲ್ಕು ತುಂಡಿನ ಸಂಖ್ಯೆ. ಆ ಸಂಖ್ಯೆ 192.168 ಎಂದು ಶುರುವಾದರೆ ಸಾಮಾನ್ಯವಾಗಿ ಶುಭ. 169.254 ಎಂದು ಶುರುವಾದರೆ ಪ್ರಿಂಟರಿಗೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಕೇಳಿ ಕೇಳಿ ಸಾಕಾಗಿ ತಾನೇ ಒಂದು ಸಂಖ್ಯೆ ಇಟ್ಟುಕೊಂಡಿದೆ. ಎಲ್ಲ ಸೊನ್ನೆ ಇದ್ದರೆ ಅದು ವೈಫೈಗೇ ಸೇರಿಲ್ಲ.

ಸೇರದಿರಲು ಕಾರಣಗಳು ಕೆಲವೇ. ಮೊದಲನೆಯದು ಸರಳ: ವೈಫೈ ಹೆಸರೋ ಪಾಸ್‌ವರ್ಡೋ ಬದಲಾಗಿದೆ. ಫೋನಿಗೆ, ಟಿವಿಗೆ ಹೊಸದನ್ನು ಹೇಳಿಕೊಟ್ಟಿರಿ, ಪ್ರಿಂಟರಿಗೆ ಹೇಳುವುದು ಮರೆತಿರಿ. ಅದು ಪಾಪ ಹಳೇ ಹೆಸರನ್ನೇ ಜಪಿಸುತ್ತಾ ಕೂತಿದೆ. ಹೊಸ ರೂಟರ್ ಬಂದಾಗ ಅದಕ್ಕೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಎರಡನ್ನೂ ಅಕ್ಷರ ಬಿಡದೆ ಹಾಗೇ ಇಟ್ಟುಬಿಡಿ. ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಕೂಡ ಹಾಗೇ ಇರಬೇಕು. ಆಗ ಮನೆಯ ಹೆಚ್ಚಿನ ಸಾಮಾನುಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಎರಡನೆಯದು ಅಲೆಗಳ ವಿಚಾರ. ಮನೆಯ ವೈಫೈ ಮುಖ್ಯವಾಗಿ ಎರಡು ಬಗೆಯ ಅಲೆಗಳಲ್ಲಿ ಹೋಗುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 2.4 ಅಂದರೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ಅಲೆ. ಮದುವೆ ಮನೆಯ ಸದ್ದು ನಿಮ್ಮ ಕೋಣೆಗೆ ಹೇಗೆ ಕೇಳುತ್ತದೆ ನೆನಪಿಸಿಕೊಳ್ಳಿ. ಬಾಗಿಲು ಹಾಕಿದ್ದರೂ ಡೋಲಿನ ಡುಂ ಡುಂ ಒಳಗೆ ಬರುತ್ತದೆ, ತಾಳದ ಕಿಣಿಕಿಣಿ ಬರುವುದಿಲ್ಲ. ನಿಧಾನ ಕಂಪಿಸುವ ಅಲೆ ಗೋಡೆ ದಾಟುತ್ತದೆ, ವೇಗದ್ದು ಅಲ್ಲೇ ಸೋಲುತ್ತದೆ. ವೈಫೈಯಲ್ಲೂ ಹೀಗೇ. 2.4 ದೂರ ಹೋಗುತ್ತದೆ, 5 ಹತ್ತಿರದಲ್ಲಿ ಜಾಸ್ತಿ ಸ್ಪೀಡ್ ಕೊಡುತ್ತದೆ. ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಹಲವಕ್ಕೆ 2.4 ಮಾತ್ರ ಕೇಳಿಸುತ್ತದೆ. ನಿಮ್ಮ ರೂಟರ್‌ನಲ್ಲಿ ಯಾರಾದರೂ 2.4 ಆಫ್ ಮಾಡಿದ್ದರೆ ಅಂಥ ಪ್ರಿಂಟರಿಗೆ ವೈಫೈ ಇಲ್ಲದ ಹಾಗೇ ಆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಲ್ಯಾಪ್‌ಟಾಪ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೆ ಮಾತೇ ಆಗುವುದಿಲ್ಲ ಎನ್ನುತ್ತಾರೆ. ಹಾಗೇನಿಲ್ಲ. ಒಂದೇ ರೂಟರಿನ ಎರಡೂ ಅಲೆಗಳು ಸಾಮಾನ್ಯವಾಗಿ ಒಂದೇ ಮನೆಯ ಎರಡು ಬಾಗಿಲು ಇದ್ದ ಹಾಗೆ. ಯಾವ ಬಾಗಿಲಿಂದ ಬಂದರೂ ಸೇರುವುದು ಅದೇ ಹಜಾರಕ್ಕೆ. ಆದರೆ ಮೊದಲ ಸಲ ಪ್ರಿಂಟರನ್ನು ಜೋಡಿಸುವಾಗ ಮಾತ್ರ ಕೆಲವು ಆ್ಯಪ್‌ಗಳು ಫೋನೂ 2.4ರಲ್ಲೇ ಇರಲಿ ಎಂದು ಹಟ ಮಾಡುತ್ತವೆ. ಆಗ ಸ್ವಲ್ಪ ಹೊತ್ತು ರೂಟರಿನ 5 ಅನ್ನು ಆಫ್ ಮಾಡಿ, ಜೋಡಣೆ ಮುಗಿಸಿ, ಮತ್ತೆ ಹಾಕಿ.

ಗೋಡೆ, ದೂರ ಕೂಡ ಲೆಕ್ಕಕ್ಕೆ ಬರುತ್ತವೆ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಹಳೇ ಮನೆಯ ಮಣ್ಣಿನ ದಪ್ಪ ಗೋಡೆ ಅಲೆಯನ್ನು ಚೆನ್ನಾಗಿ ಕುಡಿಯುತ್ತವೆ. ಸ್ಟೀಲ್ ಬೀರುವಿನ ಹಿಂದೆ ಪ್ರಿಂಟರ್ ಇಟ್ಟರೆ ಕೇಳುವುದೇ ಬೇಡ. ಮೈಕ್ರೋವೇವ್ ಒಲೆ ಓಡುವಾಗ ಪ್ರಿಂಟ್ ನಿಂತರೆ ಆಶ್ಚರ್ಯ ಬೇಡ, ಅದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ.

ಮೂರನೆಯದು ಬೀಗದ ಬಗೆ. ವೈಫೈ ಪಾಸ್‌ವರ್ಡನ್ನು ಕಾಯುವ ವ್ಯವಸ್ಥೆಗೆ ಡಬ್ಲ್ಯುಪಿಎ2 ಎಂದು ಹೆಸರು. ಅದು 2004ರದ್ದು. 2018ರಲ್ಲಿ ಡಬ್ಲ್ಯುಪಿಎ3 ಬಂತು. ಹೊಸ ರೂಟರನ್ನು ಡಬ್ಲ್ಯುಪಿಎ3ಕ್ಕೆ ಮಾತ್ರ ಇಟ್ಟಿದ್ದರೆ ಹಳೇ ಪ್ರಿಂಟರಿಗೆ ಆ ಬೀಗದ ಭಾಷೆಯೇ ಬರುವುದಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅನ್ನುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎರಡೂ ಇರುವ ಆಯ್ಕೆ ಹಾಕಿದರೆ ಸರಿಹೋಗುತ್ತದೆ.

ಪ್ರಿಂಟರಿಗೆ ಪರದೆ ಇಲ್ಲ, ಪಾಸ್‌ವರ್ಡ್ ಎಲ್ಲಿ ಬರೆಯುವುದು? ಕಂಪನಿಯ ಆ್ಯಪ್ ಒಂದು ದಾರಿ. ರೂಟರ್ ಮೇಲೆ ಡಬ್ಲ್ಯುಪಿಎಸ್ ಎಂಬ ಬಟನ್ ಇದ್ದರೆ ಇನ್ನೊಂದು ದಾರಿ. ಅದನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರ್ ಕಡೆಯ ವೈಫೈ ಬಟನ್ ಒತ್ತಿ ಹಿಡಿಯಿರಿ. ಇಬ್ಬರೂ ತಾವೇ ಪರಿಚಯ ಮಾಡಿಕೊಳ್ಳುತ್ತಾರೆ.

## ಒಂದೇ ಮನೆ, ಎರಡು ರೂಟರ್

ಈಗ ನನ್ನ ಕಥೆ. ನಮ್ಮ ಮನೆಗೆ ಫೈಬರ್ ಕನೆಕ್ಷನ್ ಹಾಕಿಸಿದಾಗ ಕಂಪನಿಯವರೇ ಒಂದು ಡಬ್ಬಿ ಕೊಟ್ಟರು. ಅದರಲ್ಲೇ ವೈಫೈ ಇತ್ತು. ಮಹಡಿಗೆ ಸಿಗ್ನಲ್ ಬರಲಿಲ್ಲ ಎಂದು ಹಳೇ ರೂಟರನ್ನು ಅದಕ್ಕೆ ಜೋಡಿಸಿ ಮೇಲೆ ಇಟ್ಟೆ. ಎಲ್ಲರ ಫೋನೂ ಓಡಿತು. ವಾರದ ಬಳಿಕ ಪ್ರಿಂಟ್ ಬರಲಿಲ್ಲ. ಎರಡು ಗಂಟೆ ಹೊತ್ತು ಡ್ರೈವರ್ ಮೂರು ಸಲ ಅಳಿಸಿ ಹಾಕಿದೆ. ಕೊನೆಗೆ ನನ್ನ ತಂಗಿ ಬಂದು ‘ಅಣ್ಣಾ, ನಿನ್ನ ಲ್ಯಾಪ್‌ಟಾಪ್ ಮೇಲಿನ ವೈಫೈಯಲ್ಲಿದೆ, ಪ್ರಿಂಟರ್ ಕೆಳಗಿನದರಲ್ಲಿದೆ ಅಲ್ವಾ?’ ಅಂದಳು. ಅಷ್ಟೇ ವಿಷಯ.

ಎರಡು ರೂಟರ್ ಹೀಗೆ ಸರಪಳಿಯಾದಾಗ ಮನೆಯಲ್ಲಿ ಎರಡು ಬೇರೆ ಬೇರೆ ಬಡಾವಣೆ ಆಗಿಬಿಡುತ್ತದೆ. ಕೆಳಗಿನದರಲ್ಲಿ ವಿಳಾಸಗಳು 192.168.1 ಎಂದು ಶುರುವಾದರೆ ಮೇಲಿನದರಲ್ಲಿ 192.168.0 ಇರಬಹುದು. ಎರಡರಿಂದಲೂ ಇಂಟರ್‌ನೆಟ್ ಸಿಗುತ್ತದೆ. ಹಾಗಾಗಿ ಏನೋ ತಪ್ಪಿದೆ ಎಂಬ ಅನುಮಾನವೇ ಬರುವುದಿಲ್ಲ. ಆದರೆ ಒಂದು ಬಡಾವಣೆಯಲ್ಲಿ ಕೂಗಿದ್ದು ಇನ್ನೊಂದಕ್ಕೆ ಕೇಳುವುದಿಲ್ಲ.

ಪರೀಕ್ಷಿಸುವುದು ಸುಲಭ. ಕಂಪ್ಯೂಟರ್ ಸೇರಿರುವ ವೈಫೈ ಹೆಸರನ್ನೂ ಪ್ರಿಂಟರ್ ಕೊಟ್ಟ ಹಾಳೆಯ ಹೆಸರನ್ನೂ ಹೋಲಿಸಿ. ಆಮೇಲೆ ಎರಡರ ಐಪಿ ವಿಳಾಸದ ಮೊದಲ ಮೂರು ತುಂಡುಗಳನ್ನು ಹೋಲಿಸಿ. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಆ ಮೂರೂ ಒಂದೇ ಇರಬೇಕು. ಬೇರೆ ಇದ್ದರೆ ಎರಡನ್ನೂ ಒಂದೇ ವೈಫೈಗೆ ತನ್ನಿ. ಶಾಶ್ವತ ಪರಿಹಾರ ಬೇಕಾದರೆ ಎರಡನೇ ರೂಟರಿನ ಸೆಟ್ಟಿಂಗ್‌ನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಹಾಕಿ. ಆಗ ಅದು ತನ್ನದೇ ಬಡಾವಣೆ ಕಟ್ಟುವುದನ್ನು ಬಿಟ್ಟು ಮೊದಲನೆಯದರ ಕೈ ಉದ್ದ ಮಾಡುತ್ತದೆ.

ಗೆಸ್ಟ್ ವೈಫೈ ಕೂಡ ಇದೇ ಜಾತಿಯ ತೊಂದರೆ ಕೊಡುತ್ತದೆ. ಬಂದವರಿಗೆ ಇಂಟರ್‌ನೆಟ್ ಸಿಗಲಿ, ಮನೆಯ ಸಾಮಾನು ಕಾಣದಿರಲಿ ಎಂದೇ ಅದನ್ನು ಮಾಡಿರುವುದು. ಪಾಸ್‌ವರ್ಡ್ ಸುಲಭ ಎಂದು ಪ್ರಿಂಟರನ್ನು ಅಲ್ಲಿ ಸೇರಿಸಿದರೆ ಅದು ಹೊರಗಿನ ಜಗಲಿಯಲ್ಲೇ ಕೂತಿರುತ್ತದೆ.

## ಕರೆಂಟ್ ಹೋಗಿ ಬಂದರೆ ಪ್ರಿಂಟರ್ ಯಾಕೆ ಕಳೆದುಹೋಗುತ್ತದೆ?

ನಿನ್ನೆ ಬಂದ ಪ್ರಿಂಟ್ ಇವತ್ತು ಬರದಿರುವುದಕ್ಕೆ ತುಂಬಾ ಸಲ ಇದೇ ಕಾರಣ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಐಪಿ ಅಡ್ರೆಸ್ ಎಂದರೆ ನಿಮ್ಮ ನೆಟ್‌ವರ್ಕ್‌ನೊಳಗೆ ಒಂದು ಸಾಮಾನಿನ ಬಾಗಿಲ ನಂಬರ್. 192.168.1.7 ಎಂಬಂತೆ ನಾಲ್ಕು ತುಂಡು, ಒಂದೊಂದೂ 0ಯಿಂದ 255ರೊಳಗೆ. ಪಕ್ಕದ ಮನೆಯಲ್ಲೂ ಇದೇ 192.168.1.7 ಇರಬಹುದು, ಜಗಳ ಆಗುವುದಿಲ್ಲ. 192.168ರ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಲಿ ಎಂದೇ ಎತ್ತಿಟ್ಟಿದ್ದಾರೆ. ಎಲ್ಲ ಲಾಡ್ಜ್‌ಗಳಲ್ಲೂ ರೂಮ್ ನಂಬರ್ 101 ಇರುವುದಿಲ್ಲವೇ, ಹಾಗೆ.

ಈ ನಂಬರ್ ಕೊಡುವವರು ಯಾರು? ರೂಟರೇ. ಅದು ಲಾಡ್ಜಿನ ಮ್ಯಾನೇಜರ್ ಇದ್ದ ಹಾಗೆ. ಪ್ರಿಂಟರ್ ಬಂದು ‘ರೂಮ್ ಇದೆಯಾ?’ ಅನ್ನುತ್ತದೆ. ‘7 ಖಾಲಿ ಇದೆ, ತಗೋ’ ಅನ್ನುತ್ತದೆ ರೂಟರ್. ಆದರೆ ರೂಮ್ ಶಾಶ್ವತ ಅಲ್ಲ. ಕೆಲವು ರೂಟರ್‌ಗಳು ಕೆಲವೇ ಗಂಟೆಗೆ ಕೊಡುತ್ತವೆ, ಕೆಲವು ಒಂದು ದಿನಕ್ಕೆ. ಅವಧಿ ಮುಗಿಯುವ ಮೊದಲೇ ಪ್ರಿಂಟರ್ ನವೀಕರಿಸಿಕೊಳ್ಳುತ್ತಾ ಹೋಗುತ್ತದೆ. ಎಲ್ಲ ಉರಿಯುತ್ತಿರುವವರೆಗೆ ನಂಬರ್ ಹಾಗೇ ಉಳಿಯುತ್ತದೆ.

ಈಗ ಸಂಜೆ ಗಾಳಿಮಳೆ, ಕರೆಂಟ್ ಹೋಯಿತು. ರೂಟರ್ ಆರಿತು, ಪ್ರಿಂಟರ್ ಆರಿತು. ಕರೆಂಟ್ ಬಂದ ಮೇಲೆ ಮ್ಯಾನೇಜರ್ ಹಳೇ ರಿಜಿಸ್ಟರ್ ಮರೆತಿರಬಹುದು. ಅಪ್ಪನ ಫೋನ್ ಮೊದಲು ಬಂದು ಖಾಲಿ ಕಂಡ 7ನೇ ರೂಮ್ ಹಿಡಿಯಿತು. ಪ್ರಿಂಟರಿಗೆ 12 ಸಿಕ್ಕಿತು. ಪ್ರಿಂಟರ್ ಆರಾಮಾಗಿದೆ, ನೀಲಿ ದೀಪ ಒಂದೇ ಸಮ ಉರಿಯುತ್ತಿದೆ. ಕಂಪ್ಯೂಟರಿನ ಡೈರಿಯಲ್ಲಿ ಮಾತ್ರ ‘ಪ್ರಿಂಟರ್, ರೂಮ್ 7’ ಎಂದೇ ಬರೆದಿದೆ. ಅದು ಹೋಗಿ 7ರ ಬಾಗಿಲು ಬಡಿಯುತ್ತದೆ. ಒಳಗಿನಿಂದ ಪ್ರಿಂಟರಿನ ದನಿ ಬರುವುದಿಲ್ಲ. ಪರದೆಯ ಮೇಲೆ ‘ಆಫ್‌ಲೈನ್’!

ಈ ಡೈರಿಯನ್ನು ವಿಂಡೋಸ್‌ನಲ್ಲಿ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ ನಿಮ್ಮ ಪ್ರಿಂಟರ್ ಆರಿಸಿ, ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್ ಎಂಬ ಹಾಳೆ ನೋಡಿ. ಟಿಕ್ ಇರುವ ಸಾಲಿನಲ್ಲಿರುವ ವಿಳಾಸವನ್ನು ಪ್ರಿಂಟರ್ ಕೊಟ್ಟ ಹಾಳೆಯ ವಿಳಾಸಕ್ಕೆ ಹೋಲಿಸಿ. ಬೇರೆ ಇದ್ದರೆ ಕಳ್ಳ ಸಿಕ್ಕಿದ. ಆ್ಯಡ್ ಪೋರ್ಟ್ ಒತ್ತಿ, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಆರಿಸಿ, ಹೊಸ ವಿಳಾಸ ಬರೆಯಿರಿ. ಡ್ರೈವರ್ ಮುಟ್ಟುವ ಅಗತ್ಯವೇ ಇಲ್ಲ.

ಕೆಲವರ ಪೋರ್ಟ್ಸ್ ಹಾಳೆಯಲ್ಲಿ ವಿಳಾಸದ ಬದಲು ‘ಡಬ್ಲ್ಯುಎಸ್‌ಡಿ’ ಎಂದು ಇರುತ್ತದೆ. ಇದು ಬೇರೆ ಪದ್ಧತಿ. ಇಲ್ಲಿ ಕಂಪ್ಯೂಟರ್ ನಂಬರನ್ನು ಬರೆದಿಟ್ಟುಕೊಂಡು ಕೂರುವುದಿಲ್ಲ. ಬೀದಿಯಲ್ಲಿ ನಿಂತು ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?’ ಎಂದು ಕೂಗುತ್ತದೆ, ಪ್ರಿಂಟರ್ ‘ಓ’ ಅಂದರೆ ಹೋಗುತ್ತದೆ. ಜೋಡಿಸುವುದು ಸುಲಭ, ಆದರೆ ಕೂಗು ಕೇಳದ ದಿನ ಪ್ರಿಂಟ್ ಇಲ್ಲ. ಪದೇ ಪದೇ ಆಫ್‌ಲೈನ್ ಆಗುವ ಮನೆಗಳಲ್ಲಿ ನಾನು ಮೊದಲು ಬದಲಿಸುವುದು ಇದನ್ನೇ. ಸ್ಟ್ಯಾಂಡರ್ಡ್ ಪೋರ್ಟ್ ಹಾಕಿ ವಿಳಾಸ ಬರೆದರೆ ಹೆಚ್ಚು ಗಟ್ಟಿ.

ಆದರೆ ಮುಂದಿನ ಮಳೆಗೆ ವಿಳಾಸ ಮತ್ತೆ ಬದಲಾದರೆ? ಅದಕ್ಕೆ ಲಾಡ್ಜಿನಲ್ಲಿ ರೂಮ್ ಕಾದಿರಿಸಬೇಕು. ಪ್ರತಿ ಪ್ರಿಂಟರಿಗೂ ಮ್ಯಾಕ್ ಅಡ್ರೆಸ್ ಎಂಬ ಇನ್ನೊಂದು ಗುರುತು ಇರುತ್ತದೆ. ಎರಡೆರಡು ಅಕ್ಷರಗಳ ಆರು ಜೋಡಿ. ಕಾರ್ಖಾನೆಯಲ್ಲೇ ಬರೆದು ಕಳಿಸಿರುತ್ತಾರೆ, ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. ಪ್ರಿಂಟರ್ ಕೊಟ್ಟ ಹಾಳೆಯಲ್ಲಿ ಅದೂ ಇರುತ್ತದೆ. ರೂಟರಿನ ಸೆಟ್ಟಿಂಗ್ ಪುಟ ತೆರೆಯಿರಿ. ಬ್ರೌಸರ್‌ನಲ್ಲಿ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಬರೆದರೆ ಸಿಗುತ್ತದೆ, ಪಾಸ್‌ವರ್ಡ್ ಹಲವು ರೂಟರ್‌ಗಳ ಅಡಿಯಲ್ಲೇ ಅಂಟಿಸಿರುತ್ತಾರೆ. ಅಲ್ಲಿ ಡಿಎಚ್‌ಸಿಪಿ ಎಂಬ ಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಆಯ್ಕೆ ಇರುತ್ತದೆ. ಈ ಮ್ಯಾಕ್ ಅಡ್ರೆಸ್ ಬಂದರೆ 7ನೇ ರೂಮನ್ನೇ ಕೊಡು, ಬೇರೆಯವರಿಗೆ ಕೊಡಬೇಡ ಎಂದು ಬರೆದಿಡುವುದು ಅಷ್ಟೇ. ಹತ್ತು ನಿಮಿಷದ ಕೆಲಸ, ಮನೆಗೆ ಪ್ರಿಂಟರ್ ತಂದ ದಿನವೇ ಮಾಡಬಹುದಾದದ್ದು.

ಇದೆಲ್ಲ ಈಗ ಬೇಡ, ಪ್ರಿಂಟ್ ಬಂದರೆ ಸಾಕು ಅನ್ನುವವರಿಗೆ ಒಂದು ಕ್ರಮ. ರೂಟರ್, ಪ್ರಿಂಟರ್, ಕಂಪ್ಯೂಟರ್ ಮೂರನ್ನೂ ಆಫ್ ಮಾಡಿ. ಮೊದಲು ರೂಟರ್ ಹಾಕಿ, ಎರಡು ನಿಮಿಷ ಬಿಡಿ. ಆಮೇಲೆ ಪ್ರಿಂಟರ್ ಹಾಕಿ, ನೀಲಿ ದೀಪ ಮಿಣುಕುವುದು ನಿಂತು ಒಂದೇ ಸಮ ಉರಿಯುವವರೆಗೆ ಕಾಯಿರಿ. ಕೊನೆಗೆ ಕಂಪ್ಯೂಟರ್. ಮ್ಯಾನೇಜರ್ ಬಂದು ಕೂತ ಮೇಲೆ ಅತಿಥಿಗಳು ಬರಬೇಕು, ಇಷ್ಟೇ ತರ್ಕ.

## ಫೋನಿಂದ ಬರುತ್ತದೆ, ಕಂಪ್ಯೂಟರಿಂದ ಬರುವುದಿಲ್ಲ

ಇಲ್ಲಿ ಮೊದಲು ನೋಡಬೇಕಾದದ್ದು ಸರದಿ. ನೀವು ಪ್ರಿಂಟ್ ಒತ್ತಿದಾಗ ಕಡತ ಸೀದಾ ಪ್ರಿಂಟರಿಗೆ ಹೋಗುವುದಿಲ್ಲ. ಕಂಪ್ಯೂಟರಿನೊಳಗೆ ಸ್ಪೂಲರ್ ಎಂಬ ಒಂದು ಕೆಲಸಗಾರ ಅದನ್ನು ಸಾಲಿನಲ್ಲಿ ನಿಲ್ಲಿಸುತ್ತಾನೆ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಗಳ ಸಾಲು ನೆನಪಿಸಿಕೊಳ್ಳಿ. ಮೊದಲ ಡಬ್ಬದಲ್ಲಿ ಕಲ್ಲು ಇದ್ದು ಗಿರಣಿ ನಿಂತರೆ ಹಿಂದಿನ ಡಬ್ಬಗಳೂ ನಿಲ್ಲುತ್ತವೆ. ಹಾಗೇ ಒಂದು ಕೆಟ್ಟ ಕಡತ ಸಿಕ್ಕಿಕೊಂಡರೆ ಹಿಂದೆ ಬಂದದ್ದೆಲ್ಲ ಕಾಯುತ್ತದೆ. ನಾವು ಬರಲಿಲ್ಲ ಎಂದು ಐದು ಸಲ ಒತ್ತಿರುತ್ತೇವೆ. ಸರಿಯಾದ ತಕ್ಷಣ ಐದೂ ಒಟ್ಟಿಗೆ ಬರುತ್ತವೆ, ಹಾಳೆ ದಂಡ.

ಪ್ರಿಂಟರಿನ ಕ್ಯೂ ತೆರೆದು ಎಲ್ಲವನ್ನೂ ಕ್ಯಾನ್ಸಲ್ ಮಾಡಿ. ಕೆಲವೊಮ್ಮೆ ಒಂದು ಕಡತ ‘ಡಿಲೀಟಿಂಗ್’ ಎಂದು ಹೇಳುತ್ತಾ ಗಂಟೆಗಟ್ಟಲೆ ನಿಂತಿರುತ್ತದೆ. ಆಗ ಗಿರಣಿಯನ್ನೇ ನಿಲ್ಲಿಸಬೇಕು. ಸ್ಟಾರ್ಟ್ ಒತ್ತಿ ಸರ್ವೀಸಸ್ ಎಂದು ಹುಡುಕಿ, ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಅದರೊಳಗಿನ ಕಡತಗಳನ್ನಷ್ಟೇ ಅಳಿಸಿ, ಫೋಲ್ಡರನ್ನು ಬಿಡಿ. ಮತ್ತೆ ಸ್ಪೂಲರ್ ಸ್ಟಾರ್ಟ್ ಮಾಡಿ. ಸಾಲು ಖಾಲಿ.

ಎರಡನೆಯದು, ಪ್ರಿಂಟ್ ಬೇರೆ ಯಾರಿಗೋ ಹೋಗುತ್ತಿರಬಹುದು. ವಿಂಡೋಸ್‌ನಲ್ಲಿ ‘ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ’ ಎಂಬ ಅರ್ಥದ ಒಂದು ಸ್ವಿಚ್ ಇದೆ. ಅದು ಆನ್ ಇದ್ದರೆ ನೀವು ಕೊನೆಗೆ ಬಳಸಿದ್ದೇ ಡೀಫಾಲ್ಟ್ ಆಗುತ್ತದೆ. ನಿನ್ನೆ ‘ಪಿಡಿಎಫ್ ಆಗಿ ಉಳಿಸು’ ಆರಿಸಿದ್ದರೆ ಇವತ್ತಿನ ಪ್ರಿಂಟೂ ಪಿಡಿಎಫ್ ಕಡೆಗೇ ಹೋಗಬಹುದು. ಒಂದೇ ಪ್ರಿಂಟರ್ ಎರಡು ಮೂರು ಸಲ, ‘ಕಾಪಿ 1’ ಎಂಬ ಬಾಲದೊಂದಿಗೆ, ಪಟ್ಟಿಯಲ್ಲಿರುವುದೂ ಉಂಟು. ಹಳೇ ಜೋಡಣೆಗಳ ಅವಶೇಷ ಅವು. ಕೆಲಸ ಮಾಡುವ ಒಂದನ್ನು ಉಳಿಸಿ ಉಳಿದದ್ದನ್ನು ತೆಗೆದುಹಾಕಿ.

ಆಫೀಸ್ ಲ್ಯಾಪ್‌ಟಾಪ್ ಆಗಿದ್ದರೆ ವಿಪಿಎನ್ ಮೇಲೆ, ಅಂದರೆ ಮನೆಯಿಂದಲೇ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವ್ಯವಸ್ಥೆಯ ಮೇಲೆ ಅನುಮಾನ ಪಡಿ. ವಿಪಿಎನ್ ಹಾಕಿದಾಗ ನಿಮ್ಮ ಅಂಚೆಯೆಲ್ಲ ಮೊದಲು ಆಫೀಸಿಗೆ ಹೋಗುವಂತೆ ಮಾಡಿರಬಹುದು. ಪಕ್ಕದ ಮೇಜಿನ ಪ್ರಿಂಟರಿಗೆ ಬರೆದ ಪತ್ರ ಬೆಂಗಳೂರಿನ ಆಫೀಸಿಗೆ ಹೋಗಿ, ಅಲ್ಲಿ ‘ಇಂಥ ರೂಮ್ ನಮ್ಮಲ್ಲಿಲ್ಲ’ ಎಂದು ಬಿದ್ದುಹೋಗುತ್ತದೆ. ವಿಪಿಎನ್ ಕಡಿದು ಪ್ರಿಂಟ್ ಕೊಟ್ಟು ನೋಡಿ. ಬಂದರೆ ಗುಟ್ಟು ತಿಳಿಯಿತು. ಮನೆಯ ಪ್ರಿಂಟರಿಗೆ ಅವಕಾಶ ಕೊಡಬೇಕೋ ಬೇಡವೋ ಎಂಬುದು ಆಫೀಸಿನ ಐಟಿ ವಿಭಾಗದ ತೀರ್ಮಾನ.

ಹೊಸ ವೈಫೈಗೆ ಸೇರಿದಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಎಂದು ಲೆಕ್ಕ ಹಾಕಿರಬಹುದು. ಅಂದರೆ ಬಸ್ ಸ್ಟ್ಯಾಂಡ್ ವೈಫೈ ಎಂದುಕೊಂಡು ಯಾರ ಕೂಗಿಗೂ ಓಗೊಡದೆ ಕೂರುತ್ತದೆ. ವೈಫೈ ಪ್ರಾಪರ್ಟೀಸ್‌ನಲ್ಲಿ ‘ಪ್ರೈವೇಟ್’ ಎಂದು ಬದಲಿಸಿ. ಮನೆಯ ವೈಫೈಗೆ ಮಾತ್ರ, ಹೋಟೆಲಿನದಕ್ಕೆ ಬೇಡ.

ಎಲ್ಲ ಸರಿ ಇದ್ದೂ ಆಫ್‌ಲೈನ್ ಅನ್ನುತ್ತಿದ್ದರೆ ಪೋರ್ಟ್ಸ್ ಹಾಳೆಯಲ್ಲಿ ಕಾನ್ಫಿಗರ್ ಪೋರ್ಟ್ ಒತ್ತಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಟಿಕ್ ತೆಗೆದು ನೋಡಿ. ಪ್ರಿಂಟರಿನ ಯೋಗಕ್ಷೇಮ ವಿಚಾರಿಸಲು ಕಂಪ್ಯೂಟರ್ ಬಳಸುವ ಭಾಷೆ ಅದು. ಕೆಲವು ಪ್ರಿಂಟರ್‌ಗಳು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಪ್ರಿಂಟ್ ಮಾತ್ರ ಮಾಡುತ್ತವೆ. ಉತ್ತರ ಬರಲಿಲ್ಲ ಎಂದು ಕಂಪ್ಯೂಟರ್ ಆಫ್‌ಲೈನ್ ಎಂದು ಘೋಷಿಸಿಬಿಡುತ್ತದೆ.

ಹಾಗಾದರೆ ಡ್ರೈವರ್ ಯಾವಾಗ ತಪ್ಪಿತಸ್ಥ? ಡ್ರೈವರ್ ಎಂದರೆ ದುಭಾಷಿ. ನಿಮ್ಮ ಪುಟವನ್ನು ಪ್ರಿಂಟರಿಗೆ ತಿಳಿಯುವ ಆಜ್ಞೆಗಳಾಗಿ ಬದಲಿಸುತ್ತದೆ. ಪ್ರಿಂಟ್ ಬರುತ್ತಿದೆ, ಆದರೆ ಹಾಳೆ ಮೇಲೆ ಹಾಳೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತಿವೆ ಎಂದರೆ ತಪ್ಪು ದುಭಾಷಿ ಸಿಕ್ಕಿದ್ದಾನೆ. ಪ್ರಿಂಟರ್ ಆಜ್ಞೆಗಳನ್ನೇ ಅಕ್ಷರ ಎಂದುಕೊಂಡು ಅಚ್ಚು ಹಾಕುತ್ತಿದೆ. ಆಗ ಕಂಪನಿಯ ಸ್ವಂತ ತಾಣದಿಂದ ಸರಿಯಾದ ಮಾದರಿಯ ಡ್ರೈವರ್ ಹಾಕಿಕೊಳ್ಳಿ.

## ಮ್ಯಾಕ್ ಕಂಪ್ಯೂಟರ್ ಇದ್ದವರಿಗೆ

ಆ್ಯಪಲ್ 2010ರಲ್ಲಿ ಏರ್‌ಪ್ರಿಂಟ್ ತಂದ ಮೇಲೆ ಅದನ್ನು ಅರಿತ ಪ್ರಿಂಟರ್‌ಗಳಿಗೆ ಬೇರೆ ಡ್ರೈವರ್ ಬೇಕಾಗಿಲ್ಲ. ಮ್ಯಾಕ್ ಕೂಗುತ್ತದೆ, ಪ್ರಿಂಟರ್ ಓಗೊಡುತ್ತದೆ. ಕಾಣದಿದ್ದರೆ ಪ್ರಿಂಟರ್ಸ್ ಪಟ್ಟಿಯ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ‘ರಿಸೆಟ್ ಪ್ರಿಂಟಿಂಗ್ ಸಿಸ್ಟಮ್’ ಕೊಡಬಹುದು. ಅದು ಎಲ್ಲ ಪ್ರಿಂಟರ್‌ಗಳನ್ನೂ ತೆಗೆದುಹಾಕುತ್ತದೆ, ಮತ್ತೆ ಸೇರಿಸಬೇಕು.

## ಸಹಾಯ ಕೇಳುವಾಗ

ಪ್ರಿಂಟರ್ ಸಹಾಯವಾಣಿ ಎಂದು ಹುಡುಕಿದಾಗ ಮೊದಲು ಕಾಣುವ ನಂಬರ್ ಕಂಪನಿಯದ್ದೇ ಆಗಿರಬೇಕಿಲ್ಲ. ಕಂಪನಿಯ ಹೆಸರು ಹಾಕಿಕೊಂಡ ಮೋಸಗಾರರು ಇಂಥ ಜಾಹೀರಾತು ಕೊಡುತ್ತಾರೆ. ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂದು ಹೆದರಿಸಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ, ಹಣ ಕೇಳುತ್ತಾರೆ. ಡಬ್ಬಿಯ ಮೇಲೆ ಅಥವಾ ವಾರಂಟಿ ಕಾರ್ಡಿನಲ್ಲಿ ಅಚ್ಚಾದ ನಂಬರಿಗೇ ಫೋನ್ ಮಾಡಿ. ಪ್ರಿಂಟರ್ ಸರಿಮಾಡಲು ಯಾರಿಗೂ ನಿಮ್ಮ ಒಟಿಪಿ ಬೇಕಾಗುವುದಿಲ್ಲ.

## ಇವತ್ತೇ ಪ್ರಿಂಟ್ ಬೇಕು ಅಂದರೆ

ಪ್ರವೇಶ ಪತ್ರದ ರಾತ್ರಿಗೆ ಮರಳೋಣ. ಕಾರಣ ಹುಡುಕಲು ಪುರುಸೊತ್ತಿಲ್ಲ. ಕಡತವನ್ನು ಫೋನಿಗೆ ಕಳಿಸಿ ಅಲ್ಲಿಂದ ಪ್ರಿಂಟ್ ಕೊಡಿ. ಫೋನೂ ಕೈಕೊಟ್ಟರೆ ಯುಎಸ್‌ಬಿ ಕೇಬಲ್ ತನ್ನಿ. ಸಾಮಾನ್ಯವಾಗಿ ಪ್ರಿಂಟರಿನ ಹಿಂಭಾಗದಲ್ಲಿ ಹೆಚ್ಚುಕಡಿಮೆ ಚೌಕಾಕಾರದ ಒಂದು ತೂತು ಇರುತ್ತದೆ, ಆ ಕೇಬಲ್ ಅದಕ್ಕೇ. ವೈರ್ ಹಾಕಿದರೆ ಈವರೆಗೆ ಹೇಳಿದ ವಿಳಾಸ, ಬಡಾವಣೆ, ಅಲೆ ಯಾವುದೂ ಬೇಕಿಲ್ಲ.

ಕೇಬಲ್ಲೂ ಇಲ್ಲದಿದ್ದರೆ ವೈಫೈ ಡೈರೆಕ್ಟ್ ಉಂಟು. ಹಲವು ಪ್ರಿಂಟರ್‌ಗಳು ತಾವೇ ಒಂದು ಪುಟ್ಟ ವೈಫೈ ಎಬ್ಬಿಸುತ್ತವೆ. ಲ್ಯಾಪ್‌ಟಾಪಿನ ವೈಫೈ ಪಟ್ಟಿಯಲ್ಲಿ ‘ಡೈರೆಕ್ಟ್’ ಎಂದು ಶುರುವಾಗುವ, ಪ್ರಿಂಟರ್ ಮಾದರಿಯ ಹೆಸರಿರುವ ಸಾಲು ಕಂಡರೆ ಅದೇ. ಅದರ ಪಾಸ್‌ವರ್ಡ್ ಪ್ರಿಂಟರ್ ಕೊಡುವ ಹಾಳೆಯಲ್ಲಿ ಇರುತ್ತದೆ. ರೂಟರ್ ಬೇಕಾಗಿಯೇ ಇಲ್ಲ, ಕಂಪ್ಯೂಟರ್ ನೇರ ಪ್ರಿಂಟರಿಗೇ ಸೇರುತ್ತದೆ. ಪ್ರವೇಶ ಪತ್ರವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಯಾಕೆಂದರೆ ಅಲ್ಲಿಗೆ ಸೇರಿದ ಮೇಲೆ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಇರುವುದಿಲ್ಲ. ಹಾಳೆ ಕೈಗೆ ಬಂದ ಮೇಲೆ ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ವಾಪಸ್ ಹಾಕಿಯೇ ಮಲಗಿ. ಇಲ್ಲದಿದ್ದರೆ ಬೆಳಗ್ಗೆ ಎದ್ದು ‘ನೆಟ್ ಯಾಕೆ ಬರುತ್ತಿಲ್ಲ’ ಎಂದು ಇನ್ನೊಂದು ಹುಡುಕಾಟ ಶುರುವಾಗುತ್ತದೆ.